ಟ್ಯಾಪೆಟ್ ಸದ್ದು ನಿಂತ ಮೇಲೆ ಶುರುವಾದ ಮಿಸ್ಸಿಂಗ್

ಪ್ರಶ್ನೆ: ನನ್ನದು 2012ರ ಓಮ್ನಿ. ಆಮೇಲೆ ಹಾಕಿಸಿದ ಎಲ್‌ಪಿಜಿ ಕಿಟ್ ಇದೆ. 1,40,000 ಕಿ.ಮೀ. ಓಡಿದೆ. ಹಾಸನದಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುತ್ತೇನೆ. ಪಾತ್ರೆ, ಒಲೆ ಎಲ್ಲ ತುಂಬಿಕೊಂಡು ತಿಂಗಳಿಗೆ ಮೂರು ನಾಲ್ಕು ಸಲ ಶಿರಾಡಿ ಘಾಟ್ ಇಳಿದು ಹತ್ತುತ್ತೇನೆ. ಎಂಟು ತಿಂಗಳ ಹಿಂದೆ ಇಂಜಿನ್ ಮೇಲ್ಭಾಗದಲ್ಲಿ ಟಕಟಕ ಸದ್ದು ಬರುತ್ತಿತ್ತು. ಮೆಕ್ಯಾನಿಕ್ ಟ್ಯಾಪೆಟ್ ಟೈಟ್ ಮಾಡಿದರು, ಸದ್ದು ಪೂರ್ತಿ ನಿಂತಿತು. ಈಗ ಎರಡು ತಿಂಗಳಿಂದ ನಿಂತಲ್ಲೇ ಗಾಡಿ ನಡುಗುತ್ತದೆ, ಒಂದು ಸಿಲಿಂಡರ್ ಉರಿಯದೆ ಮಿಸ್ಸಿಂಗ್ ಹೊಡೆಯುತ್ತದೆ, ಘಾಟ್‌ನಲ್ಲಿ ಪುಲ್ಲಿಂಗ್ ಇಲ್ಲ. ಪ್ಲಗ್, ವೈರ್ ಹೊಸದು ಹಾಕಿಸಿದೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿಸಿದಾಗ ಒಂದನೇ ಸಿಲಿಂಡರಿನಲ್ಲಿ 11, ಎರಡರಲ್ಲಿ 11.5, ಮೂರರಲ್ಲಿ 5 ಬಂತು. ಒಬ್ಬರು ಹಾಫ್ ಇಂಜಿನ್ (ಪಿಸ್ಟನ್, ರಿಂಗ್ ಕಡೆಯ ಕೆಲಸ) ಮಾಡಿಸಿ, 32,000 ಆಗುತ್ತದೆ ಅಂದರು. ಇನ್ನೊಬ್ಬರು ವಾಲ್ವ್ ಸುಟ್ಟಿದೆ, ಇಂಜಿನ್ ಮೇಲ್ಭಾಗದ ಹೆಡ್ ಕೆಲಸ ಸಾಕು, 12,000 ಅಂದರು. ನಮ್ಮ ಭಾವ ಪೆಟ್ರೋಲಿಗೆ ಬೆರೆಸುವ ಒಂದು ಲಿಕ್ವಿಡ್ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಯಾರ ಮಾತು ನಂಬಲಿ? ಗ್ಯಾಸ್ ತೆಗೆಸಿಬಿಡಲಾ? ಮದುವೆ ಸೀಸನ್ ಮುಗಿಯುವವರೆಗೆ ಹೀಗೇ ಓಡಿಸಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದುತ್ತಾ ಒಂದು ಮಾತಿನ ಹತ್ತಿರ ನಿಂತೆ. "ಟ್ಯಾಪೆಟ್ ಟೈಟ್ ಮಾಡಿದರು, ಸದ್ದು ಪೂರ್ತಿ ನಿಂತಿತು." ಮೂವತ್ತು ವರ್ಷದಿಂದ ಹೆಡ್ ಕೆಲಸ ಮಾಡುತ್ತಿದ್ದೇನೆ. ಸುಟ್ಟ ವಾಲ್ವಿನ ಗಾಡಿ ತಂದವರಲ್ಲಿ ಎಷ್ಟೋ ಜನ ಇದೇ ಮಾತು ಹೇಳಿದ್ದಾರೆ. ಸದ್ದು ನಿಂತಿತು ಅಂತ ಖುಷಿಯಲ್ಲಿ ಹೋದವರು ಆರೆಂಟು ತಿಂಗಳಿಗೆ ಮಿಸ್ಸಿಂಗ್ ಅಂತ ವಾಪಸ್ ಬರುತ್ತಾರೆ.

ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್, ಅಂದರೆ ಉರಿದ ಹೊಗೆಯನ್ನು ಹೊರಗೆ ಬಿಡುವ ಬಾಗಿಲು, ಸುಟ್ಟಿರುವ ಸಾಧ್ಯತೆಯೇ ಜಾಸ್ತಿ. ಅಂದರೆ ನಿಮ್ಮ ಎರಡನೇ ಮೆಕ್ಯಾನಿಕ್ ಸರಿ ಇರಬಹುದು. ಆದರೆ ಹೆಡ್ ಬಿಚ್ಚುವ ಮೊದಲು ಇನ್ನೂ ಅರ್ಧ ಗಂಟೆಯ ಪರೀಕ್ಷೆ ಬಾಕಿ ಇದೆ. ಅದನ್ನು ಮಾಡದೆ ಯಾರಿಗೂ ದುಡ್ಡು ಕೊಡಬೇಡಿ, 12,000 ಆಗಲಿ, 32,000 ಆಗಲಿ.

ವಾಲ್ವ್ ಯಾಕೆ ಸುಡುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಜೋರಾಗಿ ದುಡಿಯುವಾಗ ಎಕ್ಸಾಸ್ಟ್ ವಾಲ್ವಿನ ತಲೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗೆ ಕಾಯುತ್ತದೆ. ಇನ್‌ಟೇಕ್ ವಾಲ್ವಿಗೆ ಒಳಗೆ ಬರುವ ತಣ್ಣನೆಯ ಗಾಳಿ ತಾಗುತ್ತದೆ. ಪಾಪ, ಎಕ್ಸಾಸ್ಟ್ ವಾಲ್ವಿಗೆ ಆ ಸೌಕರ್ಯ ಇಲ್ಲ. ಅದರ ಸುತ್ತ ಹರಿಯುವುದು ಬೆಂಕಿಯಂಥ ಹೊಗೆ ಮಾತ್ರ. ಹಾಗಿದ್ದರೆ ಅದು ಕರಗದೆ ಉಳಿಯುವುದು ಹೇಗೆ? ಮುಚ್ಚಿಕೊಂಡಾಗ ಅದರ ಅಂಚು ಹೆಡ್ಡಿನ ಸೀಟಿಗೆ ಗಟ್ಟಿಯಾಗಿ ಒತ್ತಿ ಕೂರುತ್ತದೆ. ಕಾದ ಸೌಟನ್ನು ಒದ್ದೆ ಬಟ್ಟೆಗೆ ಒತ್ತಿ ಹಿಡಿದ ಹಾಗೆ, ಶಾಖ ಸೀಟಿಗೆ ಇಳಿದು, ಅಲ್ಲಿಂದ ಹೆಡ್ಡಿನೊಳಗೆ ಹರಿಯುವ ಕೂಲೆಂಟಿಗೆ ಹೋಗುತ್ತದೆ. ವಾಲ್ವಿನ ಶಾಖದಲ್ಲಿ ಸುಮಾರು ಮುಕ್ಕಾಲು ಪಾಲು ಹೋಗುವುದು ಇದೇ ದಾರಿಯಲ್ಲಿ. ಉಳಿದದ್ದು ಕಾಂಡದ ಮೂಲಕ ಅದು ಜಾರುವ ಕೊಳವೆಗೆ, ಅಂದರೆ ಗೈಡಿಗೆ ಇಳಿಯುತ್ತದೆ. ಆ ಸೀಟಿನ ಪಟ್ಟಿ ಎಷ್ಟು ಅಗಲ ಗೊತ್ತಾ? ಒಂದು, ಒಂದೂವರೆ ಮಿಲಿಮೀಟರ್. ಇಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ಅಷ್ಟಗಲದ ಪಟ್ಟಿಗೆ ಒತ್ತಿ ಕೂತ ಗಳಿಗೆಯಲ್ಲೇ ಅದು ತಣಿಯಬೇಕು.

ಈ ಶಾಖದ ಸಮಸ್ಯೆ ಹೊಸದಲ್ಲ. 1920ರ ದಶಕದಲ್ಲಿ ವಿಮಾನದ ಇಂಜಿನ್ನುಗಳ ಮೇಲೆ ಕೆಲಸ ಮಾಡುತ್ತಿದ್ದ ಸ್ಯಾಮ್ ಹೆರಾನ್ ಅನ್ನುವ ಇಂಜಿನಿಯರ್ ವಾಲ್ವಿನ ಕಾಂಡವನ್ನು ಟೊಳ್ಳು ಮಾಡಿ ಒಳಗೆ ಸೋಡಿಯಂ ತುಂಬಿಸಿದ್ದರು. 98 ಡಿಗ್ರಿಗೆ ಸೋಡಿಯಂ ಕರಗುತ್ತದೆ. ಕರಗಿ ಒಳಗೇ ಮೇಲೆ ಕೆಳಗೆ ಕುಲುಕಾಡುತ್ತಾ ತಲೆಯ ಶಾಖವನ್ನು ಕಾಂಡಕ್ಕೆ ಸಾಗಿಸುತ್ತದೆ. ನಿಮ್ಮ ವ್ಯಾನಿನದು ಅಂಥ ವಾಲ್ವ್ ಅಲ್ಲ, ಗಟ್ಟಿ ಉಕ್ಕಿನದು. ಅದಕ್ಕೆ ಸೀಟೇ ಗತಿ.

ಈಗ ಟ್ಯಾಪೆಟ್ ವಿಷಯ. ನಿಮ್ಮ 796 ಸಿಸಿ ಇಂಜಿನ್ನಿನಲ್ಲಿ ಮೂರು ಸಿಲಿಂಡರ್, ಆರು ವಾಲ್ವ್. ಪ್ರತಿ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್ ಸ್ಕ್ರೂಗೂ ನಡುವೆ ಕೂದಲೆಳೆಯಷ್ಟು ಗ್ಯಾಪ್ ಬಿಟ್ಟಿರುತ್ತಾರೆ. ಇದೇ ಟ್ಯಾಪೆಟ್ ಗ್ಯಾಪ್. ಬರೆಯುವ ಹಾಳೆ ಒಂದೋ ಎರಡೋ ಮಡಚಿ ಇಟ್ಟಷ್ಟು ದಪ್ಪ. ಸಣ್ಣದೇ. ಆದರೆ ವಾಲ್ವ್ ಪೂರ್ತಿ ಸೀಟಿಗೆ ಕೂರಬೇಕಾದರೆ ಅದು ಬೇಕೇ ಬೇಕು. ಗ್ಯಾಪ್ ಇಲ್ಲದಂತೆ ಸ್ಕ್ರೂ ಬಿಗಿದರೆ ರಾಕರ್ ಸದಾ ವಾಲ್ವಿನ ತುದಿ ಮೇಲೆ ಕೈಯಿಟ್ಟ ಹಾಗೆ. ವಾಲ್ವ್ ಮುಚ್ಚಿದೆ ಅನಿಸುತ್ತದೆ, ಆದರೆ ಸೀಟಿಗೆ ಒತ್ತಿ ಕೂತಿರುವುದಿಲ್ಲ. ತಣಿಯುವ ದಾರಿ ಅಲ್ಲಿಗೆ ಕಟ್. ಜೊತೆಗೆ ಪ್ರತಿ ಸಲ ಸಿಲಿಂಡರಿನಲ್ಲಿ ಬೆಂಕಿ ಹತ್ತಿದಾಗ ಆ ಸಂದಿಯಿಂದ ಜ್ವಾಲೆ ನುಗ್ಗುತ್ತದೆ. ಊದುಗೊಳವೆಯಿಂದ ಕೆಂಡ ಊದಿದ್ದೀರಲ್ವಾ? ಸಣ್ಣ ಬಾಯಿಂದ ಜೋರಾಗಿ ಬರುವ ಗಾಳಿ ಒಂದೇ ಕಡೆ ಹೇಗೆ ಕೆಂಪಗೆ ಕಾಯಿಸುತ್ತದೆ, ಹಾಗೆ. ವಾಲ್ವಿನ ಅಂಚಿನಲ್ಲಿ ಒಂದು ಕಡೆ ಸಣ್ಣ ಕಾಲುವೆ ಕೊರೆಯುತ್ತದೆ. ಒಮ್ಮೆ ಕಾಲುವೆ ಬಿತ್ತೆಂದರೆ ಆಮೇಲೆ ಬಹಳ ಬೇಗ ದೊಡ್ಡದಾಗುತ್ತದೆ. ನಿಮ್ಮ ಗಾಡಿ ಆರು ತಿಂಗಳು ಸುಮ್ಮನಿದ್ದು ಕೊನೆಯ ಎರಡು ತಿಂಗಳಲ್ಲಿ ಕೆಟ್ಟಿದ್ದು ಇದಕ್ಕೇ ಇರಬೇಕು.

ಹಾಗಾಗಿ ಗ್ರಾಹಕರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ. ಟ್ಯಾಪೆಟ್ ಸ್ವಲ್ಪ ಟಿಕ್‌ಟಿಕ್ ಅಂದರೆ ಹೆದರಬೇಡಿ. ಪೂರ್ತಿ ಸುಮ್ಮನಾದರೆ ಬಂದು ತೋರಿಸಿ. ಸದ್ದು ಮಾಡುವ ಟ್ಯಾಪೆಟ್ ನಿಧಾನವಾಗಿ ಸವೆಯುತ್ತದೆ, ಮಾಡಿಕೊಳ್ಳಲು ಟೈಮ್ ಕೊಡುತ್ತದೆ. ಬಿಗಿಯಾದ ಟ್ಯಾಪೆಟ್ ವಾಲ್ವನ್ನೇ ತಿಂದುಬಿಡುತ್ತದೆ.

ನಿಮ್ಮ ಮೊದಲ ಮೆಕ್ಯಾನಿಕ್ ಬೇಕಂತಲೇ ತಪ್ಪು ಮಾಡಿದರು ಅನ್ನುತ್ತಿಲ್ಲ. ಇಲ್ಲಿ ಎಡವುವ ಜಾಗ ಎರಡಿವೆ. ಮ್ಯಾನುಯಲ್‌ನಲ್ಲಿ ತಣ್ಣಗಿರುವಾಗಿನ ಅಳತೆ ಬೇರೆ, ಬಿಸಿ ಇರುವಾಗಿನದು ಬೇರೆ ಕೊಟ್ಟಿರುತ್ತಾರೆ. ಇಂಥ ಅಲ್ಯುಮಿನಿಯಂ ಹೆಡ್ಡಿನಲ್ಲಿ ಬಿಸಿ ಅಳತೆ ಸಾಮಾನ್ಯವಾಗಿ ಜಾಸ್ತಿ. ಓಡಿಸಿಕೊಂಡು ಬಂದ ಗಾಡಿಗೆ ತಣ್ಣಗಿನ ಅಳತೆ ಹಿಡಿದು ಸೆಟ್ ಮಾಡಿದರೆ ಗ್ಯಾಪ್ ಇರಬೇಕಾದದ್ದಕ್ಕಿಂತ ಕಡಿಮೆ ಆಗಿಬಿಡುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಹಳೆಯ ಗಾಡಿಗಳಲ್ಲಿ ವಾಲ್ವಿಗೆ ತಾಗುವ ಸ್ಕ್ರೂ ತುದಿ, ರಾಕರನ್ನು ಆಡಿಸುವ ಕ್ಯಾಮಿಗೆ ತಾಗುವ ಅದರ ಮುಖ ಎರಡೂ ಸವೆದಿರುತ್ತವೆ. ಸವೆದು ಬಿದ್ದ ಗುಳಿಯ ಮೇಲೆ ಗ್ಯಾಪ್ ಅಳೆಯುವ ಫೀಲರ್ ಗೇಜಿನ ಚಪ್ಪಟೆ ಪಟ್ಟಿ ಸೇತುವೆ ಹಾಗೆ ಕೂರುತ್ತದೆ, ಗುಳಿಯ ಆಳ ಅಳತೆಗೆ ಸಿಗುವುದಿಲ್ಲ. ಸರಿಯಾಗಿ ಸೆಟ್ ಮಾಡಿದರೂ ಸದ್ದು ಹೋಗಲ್ಲ. ಗ್ರಾಹಕರು ಪಕ್ಕದಲ್ಲೇ ನಿಂತು "ಇನ್ನೂ ಸದ್ದು ಬರ್ತಿದೆ" ಅನ್ನುತ್ತಾರೆ. ಆಗ ಗೇಜ್ ಪಕ್ಕಕ್ಕಿಟ್ಟು ಕಿವಿ ಹೇಳಿದಷ್ಟು ಬಿಗಿಯುತ್ತಾರೆ. ಅಲ್ಲಿಂದ ಶುರು. ಅಲ್ಲಿ ಮಾಡಬೇಕಿದ್ದದ್ದು ಸವೆದ ಸ್ಕ್ರೂ ಅಥವಾ ರಾಕರ್ ಬದಲಿಸುವುದು.

ಇದಕ್ಕೆ ಗ್ಯಾಸ್ ಹೇಗೆ ಸೇರಿಕೊಳ್ಳುತ್ತದೆ ನೋಡಿ. ಗ್ಯಾಸ್ ಹಾಕಿದರೆ ವಾಲ್ವ್ ಸುಟ್ಟೇ ಸುಡುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. ಎಲ್‌ಪಿಜಿ ಒಣ ಇಂಧನ. ಪೆಟ್ರೋಲ್ ಹನಿಗಳು ಆವಿಯಾಗುವಾಗ ಸಿಗುವ ತಂಪು ಇದರಲ್ಲಿ ಸಿಗಲ್ಲ. ವಾಲ್ವ್ ಬಡಿದು ಬಡಿದು ಸೀಟು ನಿಧಾನವಾಗಿ ಒಳಗೆ ಸವೆಯುತ್ತದೆ. ಸೀಟು ಸವೆದಷ್ಟೂ ವಾಲ್ವಿನ ತಲೆ ಹೆಡ್ಡಿನೊಳಗೆ ಹೂಳುತ್ತದೆ, ಅದರ ಇನ್ನೊಂದು ತುದಿ ರಾಕರ್ ಕಡೆಗೆ ಏರುತ್ತದೆ. ಅಂದರೆ ಗ್ಯಾಸ್ ಗಾಡಿಯಲ್ಲಿ ಯಾರೂ ಮುಟ್ಟದಿದ್ದರೂ ಟ್ಯಾಪೆಟ್ ಗ್ಯಾಪ್ ತಾನಾಗೇ ಕಡಿಮೆಯಾಗುತ್ತಾ ಬರುತ್ತದೆ. ನಿಮ್ಮದರಲ್ಲಿ ಮೊದಲೇ ಬಿಗಿ ಮಾಡಿದ್ದರು, ಮೇಲಿಂದ ಇದು. ಅದರ ಜೊತೆಗೆ ಲೋಡ್ ಹಾಕಿಕೊಂಡು ಶಿರಾಡಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರುತ್ತೀರಿ. ಕಿಟ್ ಟ್ಯೂನಿಂಗ್ ಸರಿಯಿಲ್ಲದೆ ಆಗ ಗ್ಯಾಸ್ ಸಾಲದೆ ಬಂದರೆ ಉರಿ ನಿಧಾನವಾಗುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿಯುತ್ತಲೇ ಇರುತ್ತದೆ, ಅದರ ಬಿಸಿಯೆಲ್ಲ ವಾಲ್ವಿನ ಪಾಲಿಗೆ.

ಬೆಂಗಳೂರಿನ ಆಟೋಗಳನ್ನು ನೋಡಿ. ಎಷ್ಟೋ ಆಟೋಗಳು ವರ್ಷಗಟ್ಟಲೆ ಎಲ್‌ಪಿಜಿಯಲ್ಲೇ ದುಡಿಯುತ್ತಿವೆ. ಟ್ಯಾಪೆಟ್ ಅಳತೆ ತಪ್ಪದೆ ನೋಡಿಸುವ ಡ್ರೈವರ್‌ಗಳ ಇಂಜಿನ್ ಚೆನ್ನಾಗಿಯೇ ಬಾಳುತ್ತದೆ. ಹಾಗಾಗಿ ಕಿಟ್ ತೆಗೆಸುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಕಸುಬಿಗೆ ಗ್ಯಾಸಿನ ಉಳಿತಾಯ ಬೇಕೇ ಬೇಕು. ಬದಲಾಗಬೇಕಾದದ್ದು ಟ್ಯಾಪೆಟ್ ನೋಡಿಸುವ ಅಭ್ಯಾಸ.

ಭಾವನವರ ಲಿಕ್ವಿಡ್ ಬಗ್ಗೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಅದು ಸೀಟಿನ ಮೇಲೆ ತೆಳ್ಳನೆಯ ಪದರ ಕಟ್ಟಿ ಸವೆತ ತಡೆಯುತ್ತಿತ್ತು. ನಮ್ಮ ದೇಶದಲ್ಲಿ 2000ದಲ್ಲಿ ಅದನ್ನು ಪೂರ್ತಿ ನಿಲ್ಲಿಸಿದರು, ಆರೋಗ್ಯದ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಆಮೇಲೆ ಹಳೆಯ ಎರಕದ ಕಬ್ಬಿಣದ ಹೆಡ್ಡಿನ ಕಾರುಗಳಿಗೆ ಸೀಸದ ಬದಲು ಬೆರೆಸುವ ದ್ರವಗಳು ಬಂದವು. ಸವೆತ ನಿಧಾನ ಮಾಡುವುದು ಅವುಗಳ ಕೆಲಸ. ನಿಮ್ಮ ಇಂಜಿನ್ ಸೀಸವಿಲ್ಲದ ಪೆಟ್ರೋಲಿಗೇ ಆದದ್ದು. ಅದಿರಲಿ, ನೀವು ಓಡಿಸುವುದು ಗ್ಯಾಸಿನಲ್ಲಿ, ಟ್ಯಾಂಕಿಗೆ ಸುರಿದದ್ದು ವಾಲ್ವಿಗೆ ತಲುಪುವುದೇ ಅಪರೂಪ. ಎಲ್ಲಕ್ಕಿಂತ ಮುಖ್ಯವಾಗಿ, ಸುಟ್ಟು ಹೋದ ಲೋಹ ಯಾವ ಲಿಕ್ವಿಡ್ ಹಾಕಿದರೂ ವಾಪಸ್ ಬರಲ್ಲ. ಕಾರ್ಬನ್ ಚೂರು ಸಿಕ್ಕಿಕೊಂಡು ವಾಲ್ವ್ ಕೂರದೆ ಇದ್ದರೆ ಕ್ಲೀನರ್ ಕೆಲವೊಮ್ಮೆ ಕೆಲಸ ಮಾಡೀತು, ಅಷ್ಟೇ.

ಇನ್ನು ಪರೀಕ್ಷೆ. ನಿಮ್ಮ ಕಂಪ್ರೆಷನ್ ನಂಬರುಗಳೇ ಅರ್ಧ ಕತೆ ಹೇಳುತ್ತಿವೆ. ಟೈಮಿಂಗ್ ಬೆಲ್ಟ್ ಹಲ್ಲು ಜಿಗಿದಿದ್ದರೆ ಮೂರೂ ಸಿಲಿಂಡರ್ ಕಡಿಮೆ ತೋರಿಸಬೇಕಿತ್ತು. ಎರಡು ಮತ್ತು ಮೂರರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಸೋರಿಕೆ ತಡೆಯುವ ಹಾಳೆ) ಹೋಗಿದ್ದರೆ ಆ ಎರಡೂ ಬೀಳಬೇಕಿತ್ತು. ಇಲ್ಲಿ ಒಂದೇ ಬಿದ್ದಿದೆ, ಅದೂ ಅರ್ಧಕ್ಕಿಂತ ಕೆಳಗೆ. ಉಳಿದದ್ದು ವಾಲ್ವ್ ಅಥವಾ ಪಿಸ್ಟನ್ ಸುತ್ತ ಸೋರಿಕೆ ತಡೆಯುವ ರಿಂಗ್. ಅಪರೂಪಕ್ಕೆ ಗ್ಯಾಸ್ಕೆಟ್ ಒಂದೇ ಸಿಲಿಂಡರಿನಿಂದ ಕೂಲೆಂಟ್ ಕಡೆಗೆ ಸೋರುವುದೂ ಇದೆ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮೊದಲು ಆರೂ ಟ್ಯಾಪೆಟ್ ಗ್ಯಾಪ್ ಅಳೆಸಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ಕ್ರೂ ಮುಟ್ಟುವ ಮೊದಲು, ಇದು ಮುಖ್ಯ. ಮೂರನೆಯದರ ಎಕ್ಸಾಸ್ಟ್‌ಗೆ ಅತಿ ತೆಳ್ಳನೆಯ ಫೀಲರ್ ಕೂಡ ಹೋಗದಿದ್ದರೆ ಕಾರಣ ಕೈಗೆ ಸಿಕ್ಕಿತು. ಆಮೇಲೆ ಸರಿಯಾದ ಅಳತೆಗೆ ಸೆಟ್ ಮಾಡಿಸಿ, ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್ ಇನ್ನೊಮ್ಮೆ ನೋಡಿಸಿ. ಆ ಹೊತ್ತಿಗೆ ಇಗ್ನಿಷನ್ ಕನೆಕ್ಷನ್ ತೆಗೆದಿರಬೇಕು, ಗ್ಯಾಸ್ ಟ್ಯಾಂಕಿನ ವಾಲ್ವ್ ಬಂದ್ ಆಗಿರಬೇಕು. ಅದೃಷ್ಟ ಚೆನ್ನಾಗಿದ್ದರೆ 5 ಇದ್ದದ್ದು 10ರ ಹತ್ತಿರ ಬರುತ್ತದೆ. ಅಂದರೆ ವಾಲ್ವ್ ಇನ್ನೂ ಸುಟ್ಟಿರಲಿಲ್ಲ, ಕೂರುತ್ತಿರಲಿಲ್ಲ ಅಷ್ಟೇ. ಅಂಥದ್ದನ್ನು ಕೆಲವು ಸಲ ನೋಡಿದ್ದೇನೆ. ನಿಮ್ಮದು ಎರಡು ತಿಂಗಳು ಹಾಗೇ ಓಡಿರುವುದರಿಂದ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಏರದಿದ್ದರೆ ಮೂರನೇ ಪ್ಲಗ್ ತೂತಿನಿಂದ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಆಯಿಲ್ ರಿಂಗಿನ ಸಂದಿ ಮುಚ್ಚುತ್ತದೆ. ನಂಬರ್ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಅಲ್ಲಾಡದಿದ್ದರೆ ಸೋರಿಕೆ ಮೇಲಿದೆ.

ನನಗೆ ಎಲ್ಲಕ್ಕಿಂತ ನಂಬಿಕೆ ಗಾಳಿ ಪರೀಕ್ಷೆಯ ಮೇಲೆ. ಮೂರನೇ ಪಿಸ್ಟನ್ ಕಂಪ್ರೆಷನ್ನಿನ ತುದಿಗೆ ಬರುವಂತೆ ತಿರುಗಿಸಿ, ಗೇರಿನಲ್ಲಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಬೇಕು. ಇಂಜಿನ್ ಜಗ್ಗನೆ ತಿರುಗಬಹುದು, ಬೆಲ್ಟ್ ಹತ್ತಿರ ಕೈ ಇರಬಾರದು. ಆಮೇಲೆ ಸುಮ್ನೆ ಕಿವಿ ಕೊಡಿ. ಸೈಲೆನ್ಸರ್ ಕೊಳವೆಯಿಂದ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆಯಿಂದ ಬಂದರೆ ಇನ್‌ಟೇಕ್. ಆಯಿಲ್ ಹಾಕುವ ಮುಚ್ಚಳದ ಬಾಯಿಂದ ಜೋರಾಗಿ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ನೀವೇ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬಹುದು. ಹಾಫ್ ಇಂಜಿನ್ ಬೇಕೋ ಬೇಡವೋ ಅನ್ನುವ ಜಗಳ ಅಲ್ಲೇ ಮುಗಿಯುತ್ತದೆ. ನೀಲಿ ಹೊಗೆ, ಆಯಿಲ್ ಕುಡಿಯುವುದರ ಬಗ್ಗೆ ನೀವು ಏನೂ ಬರೆದಿಲ್ಲ. ಅದೆಲ್ಲ ಇಲ್ಲದಿದ್ದರೆ ಹಾಫ್ ಇಂಜಿನ್ನಿಗೆ ನನ್ನ ಒಪ್ಪಿಗೆ ಇಲ್ಲ.

ಎಕ್ಸಾಸ್ಟ್ ವಾಲ್ವ್ ಅಂತ ಖಾತ್ರಿ ಆಯಿತು ಅಂದುಕೊಳ್ಳಿ. ಹೆಡ್ ಇಳಿಸಿದ ಮೇಲೆ ಕೆಲಸ ಅರೆಬರೆ ಮಾಡಿಸಬೇಡಿ. ಪೇಸ್ಟ್ ಹಚ್ಚಿ ಕೋಲಿನಿಂದ ಉಜ್ಜಿದರೆ ಸಾಕು ಅನ್ನುವವರು ಇದ್ದಾರೆ. ಪೇಸ್ಟ್ ಉಜ್ಜುವುದು ಎರಡು ಚೆನ್ನಾಗಿರುವ ಮುಖಗಳನ್ನು ಒಂದಕ್ಕೊಂದು ಕೂರಿಸಲು. ಕಾಲುವೆ ಬಿದ್ದ ವಾಲ್ವಿಗೆ ಅದರಿಂದ ಏನೂ ಆಗಲ್ಲ. ಮೆಷಿನ್ನಿನಲ್ಲಿ ಅರೆದು ಕಾಲುವೆ ಮಾಯ ಮಾಡಿದರೂ ವಾಲ್ವಿನ ಅಂಚು ಚಾಕುವಿನ ಹಾಗೆ ತೆಳ್ಳಗಾಗುತ್ತದೆ. ತೆಳು ಅಂಚು ಬೇಗ ಕಾಯುತ್ತದೆ, ಮತ್ತೆ ಸುಡುತ್ತದೆ. ಸುಟ್ಟದ್ದನ್ನು ಬಿಸಾಡಬೇಕು. ಮೂರರಲ್ಲಿ ಒಂದು ಸುಟ್ಟಿದ್ದರೆ ಎಕ್ಸಾಸ್ಟ್ ಮೂರನ್ನೂ ಬದಲಿಸಿ ಅನ್ನುವುದು ನನ್ನ ಸಲಹೆ, ಉಳಿದೆರಡೂ ಅದೇ ಬಿಸಿ ಉಂಡಿವೆ. ಇನ್‌ಟೇಕ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು.

ವಾಲ್ವ್ ಹೊಸದಾದರೆ ಸಾಲದು, ಸೀಟೂ ಕಟ್ ಮಾಡಿಸಬೇಕು. ತುಂಬಾ ಒಳಗೆ ಹೋಗಿದ್ದರೆ ಸೀಟ್ ರಿಂಗ್ ತೆಗೆದು, ಗ್ಯಾಸಿಗೆ ತಾಳುವ ಗಟ್ಟಿ ರಿಂಗ್ ಹಾಕಿಸಿ. ಈ ಕೆಲಸ ಹೆಡ್ ಮಾಡುವ ಲೇತ್ ಅಂಗಡಿಯಲ್ಲೇ ಆಗಬೇಕು. ಗೈಡ್ ಕಡೆಗೂ ನೋಡಿಸಿ. ವಾಲ್ವ್ ಗೈಡಿನಲ್ಲಿ ಅಲ್ಲಾಡುತ್ತಿದ್ದರೆ ಎಷ್ಟೇ ಚೆನ್ನಾಗಿ ಸೀಟ್ ಕಟ್ ಮಾಡಿದರೂ ಒಂದೇ ಜಾಗದಲ್ಲಿ ಕೂರುವುದಿಲ್ಲ. ಅಗ್ಗದ ಕೆಲಸಗಳಲ್ಲಿ ಬಿಟ್ಟುಬಿಡುವುದು ಇದನ್ನೇ. ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್ ಹೊಸದೇ ಆಗಬೇಕು. ಹೆಡ್ ಮುಖ ಬೆಂಡ್ ಆಗಿದೆಯಾ ಅಂತ ಪಟ್ಟಿ ಇಟ್ಟು ನೋಡಬೇಕು. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಿರುತ್ತಾರೆ, ಹಳೆಯದಾಗಿದ್ದರೆ ಅದನ್ನೂ ಹಾಕಿಸಿಬಿಡಿ.

ಹೆಡ್ ವಾಪಸ್ ಬಂದಾಗ ನಿಮ್ಮ ಕಣ್ಣೆದುರೇ ಒಂದು ಪರೀಕ್ಷೆ ಕೇಳಿ. ವಾಲ್ವ್ ಜೋಡಿಸಿದ ಹೆಡ್ಡನ್ನು ಓರೆ ಇಟ್ಟು ಪೋರ್ಟಿನೊಳಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದು ಹತ್ತು ನಿಮಿಷ ಬಿಡಬೇಕು. ವಾಲ್ವಿನ ಸುತ್ತ ಒದ್ದೆ ಕಾಣಿಸಬಾರದು. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಮೇಲೆ ಕೆಲಸ ಮಾಡಿಸಿದರೆ ಕೆಳಗಿನದೂ ಹೋಗುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಪೂರ್ತಿ ಸುಳ್ಳಲ್ಲ. ಮೇಲಿನ ಸೋರಿಕೆ ನಿಂತಾಗ ಮೊದಲೇ ದಣಿದ ರಿಂಗ್ ಸ್ವಲ್ಪ ಆಯಿಲ್ ಬಿಡಲು ಶುರು ಮಾಡಬಹುದು. ನಿಮ್ಮ ಒಂದು ಮತ್ತು ಎರಡನೇ ಸಿಲಿಂಡರ್ 11ರ ಮೇಲಿವೆ, ಹಾಗಾಗಿ ಆ ಭಯ ನನಗೆ ಕಡಿಮೆ. ಗುಜರಿಯಿಂದ ಹಳೆಯ ಹೆಡ್ ತಂದು ಕೂರಿಸುವ ದಾರಿಯೂ ಒಂದಿದೆ, ಅಗ್ಗ. ಆದರೆ ಅದರ ಸೀಟು, ಗೈಡ್ ಯಾವ ಸ್ಥಿತಿಯಲ್ಲಿವೆ, ಬಿರುಕು ಇದೆಯಾ ಅನ್ನುವುದನ್ನೆಲ್ಲ ಮತ್ತೆ ಅಂಗಡಿಗೇ ಕೊಟ್ಟು ನೋಡಿಸಬೇಕು. ಉಳಿಯುವ ದುಡ್ಡು ಅಲ್ಲೇ ಹೋಗುತ್ತದೆ.

ಕೆಲಸ ಆದ ಮೇಲೆ 1,000 ಕಿ.ಮೀ.ಗೆ ಟ್ಯಾಪೆಟ್ ತಪ್ಪದೆ ನೋಡಿಸಿ, ಹೊಸ ಸೀಟು ಕೂತುಕೊಳ್ಳುವಾಗ ಗ್ಯಾಪ್ ಬದಲಾಗುತ್ತದೆ. ಆಮೇಲೆ 10,000ಕ್ಕೊಮ್ಮೆ. ಪ್ರತಿ ಸಲದ ನಂಬರ್ ಬರೆದಿಡಿ. ಎಕ್ಸಾಸ್ಟ್ ಗ್ಯಾಪ್ ಸಲದಿಂದ ಸಲಕ್ಕೆ ಬೇಗ ಬೇಗ ಕಡಿಮೆಯಾಗುತ್ತಿದ್ದರೆ ಸೀಟು ಸವೆಯುತ್ತಿದೆ ಅಂತ ಮುಂಚೆಯೇ ತಿಳಿಯುತ್ತದೆ. ಗ್ಯಾಸ್ ಕಿಟ್ಟನ್ನು ಲೋಡ್‌ನಲ್ಲಿ ಓಡಿಸಿ ಟ್ಯೂನ್ ಮಾಡಿಸಿ, ಸುಮ್ನೆ ನಿಲ್ಲಿಸಿಕೊಂಡು ಮಾಡಿದರೆ ಘಾಟ್‌ನಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಾಗಲ್ಲ. ಸ್ಟಾರ್ಟ್ ಪೆಟ್ರೋಲಿನಲ್ಲಿ ಮಾಡಿ. ಭಾರ ಹೊತ್ತು ಶಿರಾಡಿ ಹತ್ತುವಾಗಲೂ ಪೆಟ್ರೋಲಿಗೆ ಹಾಕಿಕೊಳ್ಳಿ ಅನ್ನುತ್ತೇನೆ ನಾನು. ಖರ್ಚು ಸ್ವಲ್ಪ ಜಾಸ್ತಿ ಆದರೂ ವಾಲ್ವಿಗೆ ಉಪಕಾರ.

ಕೊನೆಗೆ ಮದುವೆ ಸೀಸನ್. ನಿಮ್ಮ ಕಷ್ಟ ಅರ್ಥವಾಗುತ್ತದೆ, ಮುಂಗಡ ತೆಗೆದುಕೊಂಡ ಕೆಲಸ ಬಿಡಲು ಆಗಲ್ಲ. ಹಾಸನದ ಒಳಗೆ, ಕಡಿಮೆ ಭಾರದಲ್ಲಿ, ಪೆಟ್ರೋಲಿನಲ್ಲಿ ಒಂದೆರಡು ವಾರ ತಳ್ಳಬಹುದು. ಘಾಟ್ ಮಾತ್ರ ಬೇಡ. ಸುಟ್ಟ ವಾಲ್ವಿನಿಂದ ಒಂದು ಚೂರು ಮುರಿದು ಸಿಲಿಂಡರಿಗೆ ಬಿದ್ದರೆ ಪಿಸ್ಟನ್ ತಲೆ, ಬೋರ್ ಎಲ್ಲ ಹಾಳು. ಆಗ 32,000 ಹೇಳಿದವರ ಹತ್ತಿರವೇ ಹೋಗಬೇಕಾಗುತ್ತದೆ. ಮಿಸ್ಸಿಂಗ್ ಆದ ಸಿಲಿಂಡರಿನ ಉರಿಯದ ಇಂಧನ ಸೈಲೆನ್ಸರಿಗೆ ಹೋಗಿ ಉರಿಯುತ್ತದೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾದು ಅದೂ ಕೆಡಬಹುದು. ಹೆಡ್ ಕೆಲಸಕ್ಕೆ ಲೇತ್ ಅಂಗಡಿಯವರ ಕೈ ಬಿಡುವಾಗಿದ್ದರೆ ಮೂರು ನಾಲ್ಕು ದಿನ ಸಾಕು. ಎರಡು ಮುಹೂರ್ತದ ನಡುವೆ ಅಷ್ಟು ದಿನ ಬಿಡುವು ಸಿಗುವ ವಾರ ನೋಡಿಕೊಂಡು, ಅಂಗಡಿಯವರಿಗೆ ಈಗಲೇ ಹೇಳಿಟ್ಟು, ಬಾಡಿಗೆ ಗಾಡಿ ಗೊತ್ತು ಮಾಡಿಕೊಳ್ಳಿ. ಹೆಡ್ ಬಿಚ್ಚಿದ ದಿನ ಆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವನ್ನು ಕೇಳಿ ತೆಗೆದುಕೊಂಡು ಒಂದು ಫೋಟೋ ಕಳಿಸಿ. ಅಂಚು ಒಂದೇ ಕಡೆ ಸೀಳಿದೆಯಾ, ಇಲ್ಲಾ ಸುತ್ತಲೂ ಸಮವಾಗಿ ಗುಂಡಿ ಬಿದ್ದಿದೆಯಾ ಅಂತ ನೋಡಿದರೆ ಟ್ಯಾಪೆಟ್ ಪಾಲು ಎಷ್ಟು, ಗ್ಯಾಸ್ ಪಾಲು ಎಷ್ಟು ಅಂತ ಹೇಳಲು ಸುಲಭ.